ಬೆಳ್ಳಿ ಬಣ್ಣದ ಎರಡು ಸಿಲಿಂಡರು

ನನ್ನ ಬಾಯಿ ಒಳ್ಳೆಯದಲ್ಲ. ಪಾಂಡವಪುರದಲ್ಲಿ ನನ್ನ ಅಂಗಡಿ ಗೊತ್ತಿರುವವರೆಲ್ಲ ಮೊದಲು ಹೇಳುವುದು ಇದನ್ನೇ. ಕೆಲಸ ಗಟ್ಟಿ ಅನ್ನುವ ಮಾತು ಆಮೇಲೆ ಬರುತ್ತದೆ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಓಡಾಡುವವನು ನಾನು. ಅದಕ್ಕೆ ನನ್ನದೇ ಒಂದು ಸಮಜಾಯಿಷಿಯೂ ಇತ್ತು. ನಾನು ಮಾಡುವ ಕೆಲಸದಲ್ಲಿ ಅವಸರದವರು, ಅಸಡ್ಡೆಯವರು, 'ನಡೀತದೆ ಬುಡಿ' ಅನ್ನುವವರು ಬಹಳ ದಿನ ಉಳಿಯುವುದಿಲ್ಲ, ಅವರನ್ನು ಉಳಿಸಲಿಕ್ಕೇ ಗದರುತ್ತೇನೆ ಅಂತ. ಆ ವಿಜಯದಶಮಿಯ ದಿನದವರೆಗೂ ಈ ಸಮಜಾಯಿಷಿಯನ್ನು ನಾನೇ ನಂಬಿದ್ದೆ.

ನನ್ನದು ತಣ್ಣಗೆ ಮಾಡುವ ಯಂತ್ರಗಳ ಕೆಲಸ. ಶ್ರೀರಂಗಪಟ್ಟಣದ ಹೋಟೆಲುಗಳಲ್ಲಿ ಮೀನು, ಮಾಂಸ, ತರಕಾರಿ ಇಡುವ ತಣ್ಣನೆಯ ಕೋಣೆಗಳು, ಬಸ್‌ಸ್ಟ್ಯಾಂಡಿನ ಐಸ್‌ಕ್ರೀಮ್ ಅಂಗಡಿಗಳ ಫ್ರೀಜರುಗಳು, ಹಳ್ಳಿ ಡೈರಿಗಳಲ್ಲಿ ಹಾಲು ತಂಪು ಮಾಡುವ ದೊಡ್ಡ ಟ್ಯಾಂಕುಗಳು. ಸ್ವಿಚ್ಚು ಹಾಕಿದರೆ ಓಡುತ್ತದೆ, ಅಷ್ಟೇ ಅಂತ ನೋಡುವವರು ಅಂದುಕೊಳ್ಳುತ್ತಾರೆ. ಹೊಸ ಯಂತ್ರಕ್ಕೆ ಸ್ವಿಚ್ಚು ಹಾಕುವುದು ಕಟ್ಟಕಡೆಯ ಕೆಲಸ. ಅದಕ್ಕೂ ಮುಂಚೆ ತಾಮ್ರದ ಪೈಪುಗಳನ್ನು ಬೆಸೆದ ಒಂದೊಂದು ಜಾಗವೂ ಸೋರುತ್ತಿಲ್ಲ ಅಂತ ಖಾತ್ರಿಯಾಗಬೇಕು. ಪೈಪುಗಳ ಒಳಗೆ ನೈಟ್ರೋಜನ್ ಅನಿಲವನ್ನು ಒತ್ತಡದಲ್ಲಿ ತುಂಬಿ, ಬೆಸುಗೆಗಳಿಗೆಲ್ಲ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೇ ಅಂತ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಆಮೇಲೆ ಒಂದು ಇಡೀ ದಿನ ಹಾಗೇ ಬಿಡಬೇಕು. ಮಾರನೆಯ ದಿನ ಒತ್ತಡದ ಮೀಟರಿನ ಮುಳ್ಳು ನಿಂತ ಜಾಗದಲ್ಲೇ ನಿಂತಿದ್ದರೆ ಆ ಅನಿಲವನ್ನು ಹೊರಗೆ ಬಿಟ್ಟು, ಪಂಪಿನಿಂದ ಒಳಗಿನ ಗಾಳಿ, ತೇವವನ್ನೆಲ್ಲ ಎಳೆದು ತೆಗೆದು, ಆಮೇಲೆ ತಂಪಿನ ಗ್ಯಾಸು ತುಂಬಬೇಕು. ಸ್ವಿಚ್ಚಿನ ಸರದಿ ಬರುವುದು ಆಗ.

ಇದನ್ನು ನನಗೆ ಕಲಿಸಿದವರು ಕೆ.ಆರ್. ಪೇಟೆಯ ಒಬ್ಬ ಮೇಸ್ತ್ರಿ. ಅವರ ಬಲಗೈಯಲ್ಲಿ ಇದ್ದದ್ದು ಎರಡೇ ಬೆರಳು. ಹಿಂದೆ ಒಂದು ಐಸ್‌ಕ್ಯಾಂಡಿ ಕಾರ್ಖಾನೆಯಲ್ಲಿ ಸೋರಿಕೆ ನೋಡುತ್ತಿದ್ದಾಗ ನೈಟ್ರೋಜನ್ ಮುಗಿದುಹೋಯಿತಂತೆ. 'ಗಾಳಿ ತಾನೆ, ಯಾವುದಾದರೇನು' ಅಂತ ಅವರ ಜೊತೆಗಾರ, ಬೆಸುಗೆಗೆ ತಂದಿದ್ದ ಆಕ್ಸಿಜನ್ ಸಿಲಿಂಡರನ್ನೇ ಪೈಪಿಗೆ ಜೋಡಿಸಿದ. ಗ್ಯಾಸನ್ನು ಒತ್ತಿ ಓಡಿಸುವ ಕಂಪ್ರೆಸರಿನ ಒಳಗೆ ಎಣ್ಣೆ ಇರುತ್ತದೆ. ಒತ್ತಡದಲ್ಲಿರುವ ಆಕ್ಸಿಜನ್ನು ಎಣ್ಣೆಯನ್ನು ಮುಟ್ಟಿದರೆ ಯಾರೂ ಬೆಂಕಿಕಡ್ಡಿ ಗೀರಬೇಕಾಗಿಲ್ಲ, ತಾನಾಗಿಯೇ ಹೊತ್ತಿ ಬಾಂಬಿನ ಹಾಗೆ ಸಿಡಿಯುತ್ತದೆ. ಜೊತೆಗಾರ ಅಲ್ಲೇ ಹೋದ. ಮೇಸ್ತ್ರಿ ಮೂರು ಬೆರಳು ಕಳೆದುಕೊಂಡು ಬದುಕಿದರು. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಆ ಕೈಯನ್ನು ನನ್ನ ಮುಖದ ಮುಂದೆ ಹಿಡಿದು, "ನೋಡ್ಕಳ್ಲಾ ಸರ್ಯಾಗಿ. ನಿಂಗೆ ಇದೇ ಪುಸ್ತಕ," ಅಂದಿದ್ದರು. ಆ ಪುಸ್ತಕವನ್ನು ನಾನು ಮರೆತವನಲ್ಲ.

ನನ್ನ ಹತ್ತಿರವೂ ಎರಡು ಸಣ್ಣ ಸಿಲಿಂಡರುಗಳಿದ್ದವು, ಒಂದೇ ಎತ್ತರ, ಒಂದೇ ದಪ್ಪ. ಒಂದಕ್ಕೆ ಕೂರುವ ರೆಗ್ಯುಲೇಟರು ಇನ್ನೊಂದಕ್ಕೂ ಸಲೀಸಾಗಿ ಕೂರುತ್ತಿತ್ತು. ಬೂದು ಮೈ, ಕಪ್ಪು ಕತ್ತು ಇದ್ದದ್ದು ನೈಟ್ರೋಜನ್. ಕಪ್ಪು ಮೈ, ಬಿಳಿ ಕತ್ತು ಇದ್ದದ್ದು ಬೆಸುಗೆಯ ಆಕ್ಸಿಜನ್. ಹೆಸರು ಬರೆದು ಅಂಟಿಸಿದ್ದ ಚೀಟಿಗಳು ಎಂದೋ ಉದುರಿಹೋಗಿದ್ದವು. ಬಣ್ಣ ಇದೆಯಲ್ಲ ಅಂತ ನಾನು ಹೊಸದು ಅಂಟಿಸಿರಲಿಲ್ಲ. ಅಂಗಡಿಯ ಬಾಗಿಲಿನ ಎಡಕ್ಕೆ ನೈಟ್ರೋಜನ್, ಬಲಕ್ಕೆ ಆಕ್ಸಿಜನ್. ಹದಿನೈದು ವರ್ಷ ಅದೇ ಜಾಗ.

ಅಂಗಡಿ ಅಂದರೆ ಮೊದಲು ಅದು ನಮ್ಮಪ್ಪನ ಕುಲುಮೆ. ಕಬ್ಬು ಕಡಿಯುವ ಮಚ್ಚು, ಕುಡುಗೋಲು, ನೇಗಿಲ ಗುಳ, ಗಾಡಿಯ ಚಕ್ರದ ಪಟ್ಟಿ, ಸುತ್ತಿನ ಹಳ್ಳಿಗಳಿಗೆಲ್ಲ ಅಪ್ಪನ ಕೈಯಿಂದಲೇ ಹೋಗಬೇಕಿತ್ತು. ಕಣ್ಣಿಗೆ ಪೊರೆ ಬಂದು, ಸುತ್ತಿಗೆ ಎತ್ತಿದ ಕೈ ನಡುಗತೊಡಗಿದ ಮೇಲೆ ಕುಲುಮೆ ಆರಿಸಿ ಜಾಗವನ್ನು ನನಗೆ ಬಿಟ್ಟುಕೊಟ್ಟರು. ಜಾಗ ಬಿಟ್ಟರೇ ಹೊರತು ಒಳಗೆ ಬರುವುದನ್ನು ಬಿಡಲಿಲ್ಲ. ಸ್ಪ್ಯಾನರು ಎತ್ತಿ ನೋಡುವುದು, ಮೀಟರುಗಳ ಗಾಜು ಒರೆಸುವುದು, ಬಿಗಿಯಾದ ಯಾವುದಕ್ಕಾದರೂ ಎಣ್ಣೆ ಬಿಡುವುದು. ಒಂದು ದಿನ ಆಕ್ಸಿಜನ್ ರೆಗ್ಯುಲೇಟರಿನ ತಿರುಪಿಗೇ ಎಣ್ಣೆ ಬಿಡಲು ಹೊರಟಿದ್ದರು. ನಾನು ಗಿರಾಕಿಗಳ ಎದುರಿಗೇ ಕಿರುಚಿದೆ. "ಏನೂ ಗೊತ್ತಿಲ್ಲ ಅಂದ್ಮೇಲೆ ಮುಟ್ಟಬೇಡ ಅಂತ ಎಷ್ಟ್ ಸತಿ ಬಡ್ಕೊಬೇಕು ನಿಂಗೆ?" ಅಪ್ಪ ಎಣ್ಣೆ ಡಬ್ಬಿಯನ್ನು ಕೆಳಗಿಟ್ಟು ಹೊರಗಿನ ಕಲ್ಲು ಬೆಂಚಿನ ಮೇಲೆ ಹೋಗಿ ಕೂತರು. ಅಂದಿನಿಂದ ಅವರ ಜಾಗ ಆ ಬೆಂಚು.

"ಅವ್ರಿಗೂ ಒಂದ್ ಕೆಲ್ಸ ಅಂತ ಬೇಡ್ವಾ?" ಅಂತ ನನ್ನ ಹೆಂಡತಿ ಒಂದೆರಡು ಸಲ ಕೇಳಿದ್ದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಆಯುಧಪೂಜೆಯ ತಯಾರಿ ಮಾತ್ರ ಅಪ್ಪನದೇ, ಅದನ್ನು ಕಿತ್ತುಕೊಳ್ಳುವ ಧೈರ್ಯ ನನಗೂ ಇರಲಿಲ್ಲ. ಹಬ್ಬದ ಎರಡು ದಿನ ಮುಂಚೆ ಸಾಮಾನುಗಳನ್ನೆಲ್ಲ ಹೊರಗೆ ಹಾಕಿ, ತೊಳೆದು, ತುಕ್ಕು ಉಜ್ಜಿ, ಬಣ್ಣ ಬಳಿಯುವುದು ನಮ್ಮ ಮನೆಯ ವಾಡಿಕೆ. ವರ್ಷಪೂರ್ತಿ ಅನ್ನ ಹಾಕಿದ ಕಬ್ಬಿಣ ಆ ದಿನ ಮದುಮಗನ ಹಾಗೆ ಇರಬೇಕು ಅನ್ನುತ್ತಿದ್ದರು ಅಪ್ಪ.

ಆ ವರ್ಷ ಹಬ್ಬದ ಮುನ್ನಾದಿನ ನಾನು ಶ್ರೀರಂಗಪಟ್ಟಣದಲ್ಲಿದ್ದೆ. ದಸರಾ ನೋಡಲು ಬಂದ ಜನರಿಂದ ಊರು ತುಂಬಿತ್ತು. ಒಂದು ಹೋಟೆಲಿನ ತಣ್ಣನೆಯ ಕೋಣೆ ಕೆಟ್ಟು ಕೂತಿತ್ತು, ಮಾಲೀಕ ತಲೆಯ ಮೇಲೆ ಕೈಹೊತ್ತು ನಿಂತಿದ್ದ. ನಾನು ಕೋಣೆಯ ಮೂಲೆಯಲ್ಲಿ ಮಂಡಿಯೂರಿ ಫ್ಯಾನು ಬಿಚ್ಚುತ್ತಿರುವಾಗ ಫೋನು ಬಡಿದುಕೊಂಡಿತು. ಅಪ್ಪ.

"ಲೇ ಮಗ, ವಸಿ ಏಳ್ಲಾ, ಈ ಎರಡು ಸಿಲಿಂಡ್ರು ಅವಲ್ಲ..."

"ಅಪ್ಪಾ, ಕೆಲ್ಸದಲ್ಲಿವ್ನಿ. ನಿಂಗ್ಯಾಕೆ ಅವೆಲ್ಲ? ಸುಮ್ಕೆ ಪೂಜೆ ಕೆಲ್ಸ ನೋಡ್ಕೊ," ಅಂದು ಕಟ್ ಮಾಡಿದೆ. ಮತ್ತೆ ಫೋನು ಬರಲಿಲ್ಲ. ಸದ್ಯ, ಅಂದುಕೊಂಡು ಫ್ಯಾನಿನ ಕಡೆ ತಿರುಗಿದೆ.

ಮಾರನೆಯ ಬೆಳಿಗ್ಗೆ ಮನೆಗೆ ಬಂದರೆ ಅಂಗಡಿಯೆಲ್ಲ ಬೆಳ್ಳಿ. ಗೇಟುಗಳಿಗೆ ಬಳಿಯುತ್ತಾರಲ್ಲ, ಆ ಬೆಳ್ಳಿ ಬಣ್ಣ. ಕಬ್ಬಿಣ ಕಚ್ಚಿ ಹಿಡಿಯುವ ವೈಸಿನ ಕಾಲು, ಮೇಜಿನ ಕಾಲು, ಪಂಪು ಇಡುವ ತಳ್ಳುಗಾಡಿ, ಹಳೆಯ ಕುಲುಮೆಯ ತಿದಿ, ಬಾಗಿಲಿನ ಆಚೆ ಈಚೆ ಎರಡು ಸಿಲಿಂಡರು, ಎಲ್ಲದಕ್ಕೂ ಒಂದೇ ಬೆಳ್ಳಿ. ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಬಿಚ್ಚಿದ ರೆಗ್ಯುಲೇಟರುಗಳನ್ನೂ ಒರೆಸಿ ಬಾಳೆಲೆಯ ಮೇಲೆ ಸಾಲಾಗಿ ಇಟ್ಟಿದ್ದರು. ಒಂದು ಹನಿ ಎಲ್ಲೂ ಇಳಿದಿರಲಿಲ್ಲ. ಪೊರೆ ಬಂದ ಕಣ್ಣಿನಲ್ಲಿ ಅಷ್ಟು ನಯವಾಗಿ ಹೇಗೆ ಬಳಿದರೋ! ಅಪ್ಪ ಬಾಗಿಲಲ್ಲಿ ನಿಂತು ನನ್ನ ಮುಖ ನೋಡುತ್ತಿದ್ದರು. ಒಂದು ಮಾತಿಗೆ ಕಾಯುತ್ತಿದ್ದರು ಅಂತ ನನಗೆ ಆಗಲೇ ಗೊತ್ತಿತ್ತು. ಸಿಲಿಂಡರುಗಳ ಬಣ್ಣ ಹೋಯಿತಲ್ಲ ಅಂತ ನಾಲಿಗೆಯ ತುದಿಗೆ ಬೈಗುಳ ಬಂದಿತ್ತು. ಹಬ್ಬದ ದಿನ, ಅಂತ ನುಂಗಿಕೊಂಡೆ. ಎಡದ್ದು ನೈಟ್ರೋಜನ್, ಬಲದ್ದು ಆಕ್ಸಿಜನ್, ಜಾಗ ಗೊತ್ತಿದೆಯಲ್ಲ, ಆಮೇಲೆ ಸರಿಮಾಡಿದರಾಯಿತು. "ಹೂಂ," ಅಂದು ಸ್ನಾನಕ್ಕೆ ಹೋದೆ. ಅಷ್ಟೇ ಅಂದದ್ದು.

ವಿಜಯದಶಮಿಯ ದಿನ ನಾಗಮಂಗಲದ ಕಡೆಯ ಒಂದು ಹಳ್ಳಿಯಲ್ಲಿ ಕೆಲಸವಿತ್ತು. ಅಲ್ಲಿನ ಹೆಂಗಸರೇ ನಡೆಸುವ ಹಾಲಿನ ಡೈರಿ. ಅಲ್ಲಿಯವರೆಗೆ ಹಾಲನ್ನು ಕ್ಯಾನುಗಳಲ್ಲಿ ತುಂಬಿ ರಸ್ತೆ ಬದಿ ಇಟ್ಟು ಗಾಡಿ ಕಾಯಬೇಕಿತ್ತು. ಗಾಡಿ ತಡವಾದ ದಿನ ಹಾಲು ಒಡೆದು, ಅದನ್ನು ಚರಂಡಿಗೆ ಸುರಿದು ಬರಿಗೈಯಲ್ಲಿ ಮನೆಗೆ ಹೋದದ್ದೂ ಉಂಟಂತೆ. ಅದಕ್ಕೇ ಹಾಲು ತಂಪು ಮಾಡುವ ಟ್ಯಾಂಕಿಗಾಗಿ ವರ್ಷಗಟ್ಟಲೆ ಓಡಾಡಿ ತರಿಸಿದ್ದರು. ಪೈಪುಗಳ ಬೆಸುಗೆಯನ್ನು ನಾನು ಹಬ್ಬಕ್ಕೆ ಮುಂಚೆಯೇ ಮುಗಿಸಿ ಬಂದಿದ್ದೆ. ಉಳಿದಿದ್ದದ್ದು ಸೋರಿಕೆ ಪರೀಕ್ಷೆ, ಆಮೇಲೆ ಶುರು ಮಾಡುವುದು.

ಡೈರಿಯ ಸೆಕ್ರೆಟರಿ ಐವತ್ತರ ಆಸುಪಾಸಿನ ಹೆಂಗಸು, ಗಟ್ಟಿ ಗಂಟಲು, ಗಟ್ಟಿ ಜೀವ. ವಿಜಯದಶಮಿಯ ದಿನವೇ ಯಂತ್ರ ಓಡಬೇಕು ಅಂತ ಪಟ್ಟು ಹಿಡಿದಿದ್ದರು. ಒಂದು ದಿನ ಒತ್ತಡದಲ್ಲಿ ಬಿಡದೆ ನಾನು ಓಡಿಸುವವನಲ್ಲ ಅಂತ ನನ್ನ ಪಟ್ಟು. ಫೋನಿನಲ್ಲೇ ಎರಡು ದಿನ ಜಗಳವಾಡಿದ್ದೆವು. ಕೊನೆಗೆ ಅವರೇ, "ಆಯ್ತು ಬುಡಣ್ಣ, ದಶಮಿ ದಿನ ನೀನು ಗಾಳಿ ತುಂಬು, ನಾವು ಪೂಜೆ ಮಾಡ್ಕತೀವಿ. ನಮ್ ಲೆಕ್ಕಕ್ಕೆ ಅದೇ ಸುರು," ಅಂದಿದ್ದರು.

ಬೆಳಿಗ್ಗೆ ಬಾಗಿಲಿನ ಎಡಗಡೆಯ ಸಿಲಿಂಡರನ್ನು ಎತ್ತಿ ವ್ಯಾನಿಗೆ ಹಾಕಿದೆ. ನನ್ನ ಕೈ ಅದನ್ನು ಎತ್ತಿದ್ದು ಯೋಚನೆಯಿಲ್ಲದೆ, ಹದಿನೈದು ವರ್ಷದ ರೂಢಿಯಲ್ಲಿ.

ಡೈರಿಯ ಕೋಣೆ ಸಣ್ಣದು. ಟ್ಯಾಂಕು, ಅದರ ಪಕ್ಕ ಕಂಪ್ರೆಸರು, ಉಳಿದ ಜಾಗದಲ್ಲಿ ಹದಿನೈದಿಪ್ಪತ್ತು ಹೆಂಗಸರು, ಇಬ್ಬರು ಮೂವರ ಸೊಂಟದಲ್ಲಿ ಕೂಸುಗಳು. ಟ್ಯಾಂಕಿಗೆ ಸೇವಂತಿಗೆ ಹಾರ ಹಾಕಿದ್ದರು. ಸೆಕ್ರೆಟರಿ ಬಾಳೆಹಣ್ಣಿಗೆ ಗಂಧದಕಡ್ಡಿಗಳನ್ನು ಚುಚ್ಚಿ ಕಂಪ್ರೆಸರಿನ ಬುಡದಲ್ಲೇ ಇಟ್ಟರು.

"ಅಕ್ಕ, ಬೆಂಕಿ ಇಲ್ಲಿ ಬೇಡ ಅಂತ ಹೇಳಿದ್ದೆ. ಎತ್ತಿ ಹೊರಗಿಡಿ," ಅಂತ ಗದರಿದೆ.

"ಗಂಧದಕಡ್ಡಿಗೂ ಎದ್ರುಕೊಂಡ್ರೆ ಎಂಗಣ್ಣ?" ಅಂತ ನಗುತ್ತಾ ಬಾಳೆಹಣ್ಣು ಎತ್ತಿಕೊಂಡರು. ಹೊರಗಿಡಲಿಲ್ಲ. ನನ್ನ ಬೆನ್ನ ಹಿಂದಿನ ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ನಾನು ನೋಡಲಿಲ್ಲ.

ರೆಗ್ಯುಲೇಟರು ಕೂರಿಸುವ ಮೊದಲು ಸಿಲಿಂಡರಿನ ಬಾಯಲ್ಲಿರುವ ದೂಳು ಹೋಗಲಿ ಅಂತ ಕೀಲಿಯನ್ನು ಅರೆಕ್ಷಣ ತಿರುಗಿಸಿ ಮುಚ್ಚುವುದು ನಮ್ಮಲ್ಲಿ ಕಡ್ಡಾಯ. ಅನಿಲ ಜನರ ಕಡೆಗೆ ನುಗ್ಗಬಾರದು ಅಂತ ಸಿಲಿಂಡರಿನ ಬಾಯನ್ನು ಕಿಟಕಿಯ ಕಡೆ ತಿರುಗಿಸಿದೆ. ಆಗ ಕಂಡಿತು ಬಾಳೆಹಣ್ಣು, ಆದರೆ ಕೈ ಅಷ್ಟರಲ್ಲಿ ಕೀಲಿಯನ್ನು ತಿರುಗಿಸಿಯಾಗಿತ್ತು. ಫಸ್ ಅಂತ ಸದ್ದಾಯಿತು. ನೈಟ್ರೋಜನ್ ಆಗಿದ್ದರೆ ಗಂಧದಕಡ್ಡಿ ಆರಬೇಕಿತ್ತು. ಆರಲಿಲ್ಲ. ತುದಿಯ ಕೆಂಡಗಳು ಬೆಳ್ಳಗೆ ಬೆಳಗಿ, ಭಗ್ಗನೆ ಜ್ವಾಲೆಯೆದ್ದು, ಕಡ್ಡಿಗಳು ಅರ್ಧದವರೆಗೆ ಉರಿದುಹೋದವು.

"ಅವ್ವಯ್ಯಾ! ನೋಡ್ರವ್ವ, ದೇವ್ರು ಒಪ್ಕಂಡ!" ಅಂತ ಯಾರೋ ಕೂಗಿದರು. ಹೆಂಗಸರೆಲ್ಲ ಕೈಮುಗಿದರು. "ನೋಡ್ದಾ ಅಣ್ಣ, ಎಂಗ್ ಬೆಳಗ್ತು! ನೀನು ಬ್ಯಾಡ ಅಂತಿದ್ದೆ," ಅಂದರು ಸೆಕ್ರೆಟರಿ. ಅವರ ಮುಖದಲ್ಲಿ ಅಷ್ಟು ಸಂತೋಷ.

ನಾನು ಕೀಲಿಯನ್ನು ಬಿಗಿಯಾಗಿ ಮುಚ್ಚಿದೆ. ಆ ಬೆಳ್ಳಿ ಸಿಲಿಂಡರಿನ ಒಳಗೆ ಇದ್ದದ್ದು ಆಕ್ಸಿಜನ್. ಇನ್ನೆರಡು ನಿಮಿಷ ಕಳೆದಿದ್ದರೆ ಅದನ್ನು ಎಣ್ಣೆ ತುಂಬಿದ ಕಂಪ್ರೆಸರಿಗೆ ಒತ್ತಡದಲ್ಲಿ ತುಂಬುತ್ತಿದ್ದೆ. ಕಣ್ಣ ಮುಂದೆ ಮೇಸ್ತ್ರಿಯ ಎರಡು ಬೆರಳಿನ ಕೈ ಬಂದು ನಿಂತಿತು. ಒಬ್ಬಳ ಸೊಂಟದಲ್ಲಿದ್ದ ಕೂಸು ಹಾರದ ಸೇವಂತಿಗೆಯನ್ನು ಕಿತ್ತು ಬಾಯಿಗೆ ಹಾಕಿಕೊಳ್ಳಲು ನೋಡುತ್ತಿತ್ತು. ನನಗೆ ಆ ಕೂಸನ್ನು ನೋಡಲಾಗಲಿಲ್ಲ.

"ಎಲ್ಲಾರೂ ಹೊರಗೆ ನಡೀರಿ," ಅಂದೆ. ಸಿಲಿಂಡರನ್ನು ನಾನೇ ಹೊತ್ತು, ಡೈರಿಯಿಂದ ದೂರ, ತೆಂಗಿನ ಮರದ ಕೆಳಗಿನ ಬಯಲಿಗೆ ಒಯ್ದೆ. ಜನರನ್ನು ಹಿಂದೆ ಸರಿಸಿ ಇನ್ನೊಂದು ಕಡ್ಡಿಯನ್ನು ಉದ್ದನೆಯ ಕೋಲಿಗೆ ಕಟ್ಟಿಸಿ ಹಿಡಿದು ನೋಡಿದೆ. ಮತ್ತೆ ಭಗ್ಗನೆ ಉರಿಯಿತು. ಅನುಮಾನವೇ ಉಳಿಯಲಿಲ್ಲ. ಅಲ್ಲೇ ಮರದ ಬುಡದಲ್ಲಿ ಕುಕ್ಕರಿಸಿದೆ.

"ಯಾಕಣ್ಣೋ ಇಂಗ್ ಬೆವರ್ತಾ ಇದ್ದೀಯ?" ಸೆಕ್ರೆಟರಿ ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ಇದು ಬೇರೆ ಗಾಳಿ ಅಕ್ಕ. ಬದಲಾಗಿಬಿಟ್ಟಿದೆ. ಇದನ್ನ ತುಂಬಿದ್ದಿದ್ರೆ ಆ ಕೋಣೆಯೊಳಗೆ ಇದ್ದ ಒಬ್ರೂ ಉಳೀತಿರ್ಲಿಲ್ಲ."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನನ್ನ ಪಕ್ಕದಲ್ಲೇ ನೆಲಕ್ಕೆ ಕೂತರು. ಆಮೇಲೆ, "ಇವ್ರ್ಯಾರ್ಗೂ ಏಳ್ಬೇಡ. ಎದ್ರುಕೊಂಡು ಹಾಲೇ ತರಕಿಲ್ಲ. ನೀನು ನಾಳಿಕ್ಕೆ ಸರ್ಯಾದ್ದು ತಗಬಾ," ಅಂದರು. ಹೆಂಗಸರ ಕಡೆ ತಿರುಗಿ, ಪೂಜೆ ಆಯ್ತು, ಗಾಳಿ ನಾಳೆ ತುಂಬ್ತಾರೆ ಅಂತ ಕೂಗಿ ಹೇಳಿ ಕಳಿಸಿದರು. ಯಾರೂ ಬೇಸರಪಡಲಿಲ್ಲ. ದೇವರು ಒಪ್ಪಿಯಾಗಿತ್ತಲ್ಲ.

ವಾಪಸು ಬರುವಾಗ ದಾರಿಯುದ್ದಕ್ಕೂ ಎರಡೂ ಕಡೆ ರಾಗಿ ತೆನೆಗೆ ಬಂದಿತ್ತು. ಹೆದರಿಕೆ ಇಳಿಯುತ್ತಾ ಬಂದಂತೆ ಅದರ ಜಾಗದಲ್ಲಿ ಸಿಟ್ಟು ಏರಿತು. ಇದು ಅಪ್ಪನ ಕೆಲಸ. ಮುಟ್ಟಬೇಡ ಅಂದದ್ದನ್ನು ಮುಟ್ಟಿದ್ದಾರೆ, ಬಣ್ಣ ಬಳಿಯಲು ಹೊರಗೆ ತೆಗೆದು, ವಾಪಸು ಇಡುವಾಗ ಎಡ ಬಲ ಮಾಡಿದ್ದಾರೆ. ತೊಣ್ಣೂರಿನ ಕಡೆ ತಿರುಗುವ ದಾರಿ ದಾಟುವ ಹೊತ್ತಿಗೆ ಏನೇನು ಬೈಯಬೇಕು ಅಂತ ಎಲ್ಲ ತಯಾರಾಗಿತ್ತು.

ಅಪ್ಪ ಕಲ್ಲು ಬೆಂಚಿನ ಮೇಲೆ ಕೂತಿದ್ದರು. ನಾನು ವ್ಯಾನಿನಿಂದ ಇಳಿಯುತ್ತಲೇ ಶುರುಮಾಡಿದೆ. ಬೀದಿಯವರು ಹೊರಗೆ ಬಂದು ನೋಡುವಷ್ಟು ಜೋರಾಗಿ ಕೂಗಿದೆ. "ಯಾರಪ್ಪಾ ನಿಂಗೆ ಅದನ್ನ ಮುಟ್ಟು ಅಂದೋರು? ಗೊತ್ತಾ ಏನಾಗ್ತಿತ್ತು ಅಂತ? ಇಷ್ಟೊತ್ಗೆ ನನ್ ಹೆಣ ತಂದು ನಿನ್ನ ಮುಂದೆ ಮಲಗಿಸ್ತಿದ್ರು! ಮಕ್ಕಳು ಮರಿ ಇದ್ವು ಅಲ್ಲಿ!" ಹೆಂಡತಿ ಓಡಿ ಬಂದು ನನ್ನ ತೋಳು ಹಿಡಿದಳು. ಕೊಡವಿಕೊಂಡೆ. ನಡೆದದ್ದನ್ನೆಲ್ಲ ಕಿರುಚಿಕೊಂಡೇ ಹೇಳಿದೆ.

ಅಪ್ಪ ನನ್ನ ಕೂಗಾಟ ಮುಗಿದ ಮೇಲೆ ತಲೆ ಎತ್ತಿದರು.

"ಕೇಳಕ್ಕೇ ಕಣ್ಲಾ ಪೋನ್ ಮಾಡಿದ್ದು," ಅಂದರು. ದನಿ ಬಹಳ ಸಣ್ಣಗಿತ್ತು. "ಎರಡ್ಕೂ ಒಂದೇ ಬಣ್ಣ ಬಳೀಲಾ, ಇಲ್ಲ ಗುರ್ತಿಗೆ ಅಂತ ಏನಾರ ಬುಡ್ಲಾ, ಯಾವ್ದು ಯಾವ್ ಕಡೆ ಇಡ್ಲಿ ಅಂತ. ನೀನು ಬಾಯಿ ತೆಗೆಯಕ್ಕೇ ಬುಡ್ಲಿಲ್ಲ. ಇನ್ನೊಂದ್ ಸತಿ ಮಾಡಿದ್ರೆ ಬೈತೀಯ ಅಂತ ಸುಮ್ಕಾದೆ."

ಜೇಬಿನಿಂದ ಫೋನು ತೆಗೆದು ನೋಡಿದೆ, ಯಾಕೆ ನೋಡಿದೆನೋ. ಅಪ್ಪನ ಹೆಸರಿನ ಎದುರು, ಮೊನ್ನೆ ಮಾತಾಡಿದ್ದು ಹನ್ನೊಂದು ಸೆಕೆಂಡು ಅಂತ ಇತ್ತು. ಇನ್ನೊಂದು ಹನ್ನೊಂದು ಸೆಕೆಂಡು ಕೇಳಿಸಿಕೊಂಡಿದ್ದರೆ ಸಾಕಿತ್ತು. ಅವಸರದವರು, ಅಸಡ್ಡೆಯವರು ಅಂತ ಜಗತ್ತನ್ನೆಲ್ಲ ಬೈದುಕೊಂಡು ಬಂದವನು ನಾನು. ನನ್ನ ಕೆಲಸದಲ್ಲಿ ಕೇಳಲೇಬೇಕಾದ ಪ್ರಶ್ನೆಯನ್ನು ಕೇಳಿದ್ದು, ಕಣ್ಣು ಕಾಣದ, ಓದು ಬಾರದ ನಮ್ಮಪ್ಪ. ಜಾಗದ ಮೇಲೆ ನಂಬಿಕೆಯಿಟ್ಟು, ಚೀಟಿ ಅಂಟಿಸದೆ, ಪರೀಕ್ಷಿಸದೆ ಎತ್ತಿಕೊಂಡು ಹೋದವನು ನಾನು. ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು.

ಅಪ್ಪ ತಮ್ಮ ಎರಡೂ ಅಂಗೈಗಳನ್ನು ಮುಂದೆ ಹಿಡಿದು ನೋಡಿಕೊಳ್ಳುತ್ತಿದ್ದರು. ಉಗುರುಗಳ ಸಂದಿಯಲ್ಲಿ ಬೆಳ್ಳಿ ಇನ್ನೂ ಮೆತ್ತಿಕೊಂಡಿತ್ತು. "ನನ್ ಕೈಯಿಂದ ನೀನು..." ಅಂದರು. ಎಪ್ಪತ್ತು ದಾಟಿದ ಗಂಡಸು, ಕೆಂಡದ ಮುಂದೆ ಬದುಕು ಸವೆಸಿದವರು, ಬೀದಿಯವರ ಎದುರಿಗೇ ಗಳಗಳ ಅತ್ತುಬಿಟ್ಟರು.

"ನಿನ್ ತಪ್ಪಲ್ಲ ಕಣಪ್ಪ. ನಂದು," ಅಂದೆ. ಹುಟ್ಟಿದಾಗಿನಿಂದ ಅವರಿಗೆ ಆ ಮಾತನ್ನು ನಾನು ಹೇಳಿರಲಿಲ್ಲ. ಬೆಂಚಿನ ಮೇಲೆ ಅವರ ಪಕ್ಕದಲ್ಲಿ ಕೂತೆ. ಹೆಂಡತಿ ಒಳಗಿನಿಂದ ನೀರು ತಂದು ಇಬ್ಬರಿಗೂ ಕೊಟ್ಟಳು.

ಮಧ್ಯಾಹ್ನ ಅಪ್ಪ ತಾವಾಗಿಯೇ ಎದ್ದು ಉಪ್ಪುಕಾಗದ ತಂದು ಎರಡೂ ಸಿಲಿಂಡರುಗಳ ಕತ್ತಿನ ಹತ್ತಿರ ಉಜ್ಜತೊಡಗಿದರು. ಅವರು ಹಳೆಯ ಬಣ್ಣವನ್ನು ಪೂರ್ತಿ ತೆಗೆಯದೆ ಮೇಲೆಯೇ ಬಳಿದಿದ್ದರು, ಅದು ನಮ್ಮ ಪುಣ್ಯ. ನಾನು ಡೈರಿಯಿಂದ ವಾಪಸು ತಂದದ್ದರಲ್ಲಿ ಬೆಳ್ಳಿಯ ಕೆಳಗೆ ಬಿಳಿ ಇಣುಕಿತು, ಇನ್ನೊಂದರಲ್ಲಿ ಕಪ್ಪು, ಅದರ ಕೆಳಗೆ ಮೈಯೆಲ್ಲ ಬೂದು. "ಇದ್ಯಾವ ಬಣ್ಣ ಏಳು," ಅಂತ ಒಂದೊಂದು ಸಲವೂ ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಯಾವುದರೊಳಗೆ ಏನಿದೆ, ಅದು ಏನು ಮಾಡುತ್ತದೆ, ಎಣ್ಣೆ ಯಾಕೆ ಆಗದು, ಕೆ.ಆರ್. ಪೇಟೆಯ ಮೇಸ್ತ್ರಿಯ ಬೆರಳು ಹೋದದ್ದು ಹೇಗೆ, ಎಲ್ಲ. ಇಷ್ಟು ವರ್ಷ ಮುಟ್ಟಬೇಡ ಅಂದಿದ್ದೆನೇ ಹೊರತು ಯಾಕೆ ಅಂತ ಒಂದು ದಿನವೂ ಹೇಳಿರಲಿಲ್ಲ. ಅಪ್ಪ ಕಬ್ಬಿಣದ ವಿಷಯ ಕೇಳುವಷ್ಟೇ ಗಮನದಿಂದ ಕೇಳಿದರು. ಕೊನೆಗೆ ಬೂದು ಸಿಲಿಂಡರನ್ನು ಅಂಗಳದ ನಡುವೆ ನಿಲ್ಲಿಸಿ, ಕೋಲಿಗೆ ಗಂಧದಕಡ್ಡಿ ಕಟ್ಟಿ ಹಿಡಿದು, ಕೀಲಿಯನ್ನು ಅರೆಕ್ಷಣ ತೆರೆದೆ. ಕೆಂಡ ಕಪ್ಪಾಗಿ ಆರಿಹೋಯಿತು.

"ಆರ್ತು," ಅಂದರು ಅಪ್ಪ. ಆಮೇಲೆ, "ನಾಳೆ ನಾನೂ ಬತ್ತೀನಿ ಕಣ್ಲಾ," ಅಂದರು.

ಮಾರನೆಯ ದಿನ ಇಬ್ಬರೂ ಹೋದೆವು. ಸಿಲಿಂಡರಿಗೆ ಬೂದು, ಕಪ್ಪು ಮತ್ತೆ ಬಳಿದಾಗಿತ್ತು, ಹೆಸರು ಬರೆದ ಚೀಟಿ ತಂತಿಯಲ್ಲಿ ಕತ್ತಿಗೆ ನೇತಾಡುತ್ತಿತ್ತು. ಗೊತ್ತಿರುವವರು ನೋಡಬೇಕಾದ್ದು ಆ ಬಣ್ಣ ಮತ್ತು ಚೀಟಿಯನ್ನೇ, ಗಂಧದಕಡ್ಡಿಯನ್ನಲ್ಲ. ಆದರೂ ಅಪ್ಪ ಬಿಡಲಿಲ್ಲ. "ನನ್ ಕಣ್ಮುಂದೆ ಇನ್ನೊಂದ್ ಸತಿ ನೋಡ್ಬುಡು," ಅಂದರು. ಡೈರಿಯ ಹೊರಗೆ, ಬಯಲಿನಲ್ಲಿ ಅವರೇ ಕೋಲು ಹಿಡಿದು ನಿಂತರು. ಹೆಂಗಸರು ಹಿಂದಿನ ದಿನದ ಹಾಗೇ ಸೇರಿದ್ದರು. ಗಂಧದಕಡ್ಡಿ ಕಂಡು, ಇವತ್ತೂ ಬೆಳಗುತ್ತದೆ ಅಂತ ಕೈಮುಗಿದುಕೊಂಡು ಕಾದಿದ್ದರು.

ನಾನು ಕೀಲಿ ತಿರುಗಿಸಿದೆ. ಕಡ್ಡಿ ಆರಿತು.

"ಅಯ್ಯೋ, ಆರೋಯ್ತಲ್ರವ್ವ!" ಒಬ್ಬ ಮುದುಕಿ ಎದೆ ಮುಟ್ಟಿಕೊಂಡಳು. ಹೆಂಗಸರ ಮುಖಗಳೆಲ್ಲ ಸಪ್ಪಗಾದವು. ಪೂಜೆಯ ಕಡ್ಡಿ ಆರಬಾರದು, ಆರಿದರೆ ಕೇಡು. "ನೆನ್ನೆ ಎಂಗ್ ಉರೀತಿತ್ತು, ಇವತ್ಯಾಕವ್ವ ಇಂಗಾಯ್ತು? ಯಾರ್ ಮನೆಗ್ ಏನ್ ಕಾದದೋ," ಅಂತ ಗುಸುಗುಸು ಎದ್ದಿತು. ಸೆಕ್ರೆಟರಿ ನನ್ನ ಮುಖ ನೋಡಿದರು.

ಅಪ್ಪ ಆರಿದ ಕಡ್ಡಿಯ ಕೋಲನ್ನು ಹಾಗೇ ಹಿಡಿದುಕೊಂಡು ಆ ಮುದುಕಿಯ ಕಡೆ ತಿರುಗಿದರು.

"ಆರ್ಲಿ ಬುಡು ತಾಯಿ," ಅಂದರು. "ಇದು ಆ ತರ ಅಲ್ಲ. ಇದು ಆರಿದ್ರೇನೇ ನನ್ ಮಗ ಸಂಜ್ಗೆ ಮನೆಗ್ ಬತ್ತಾನೆ. ನಿಮ್ ಮಕ್ಳೂ ನಿಮ್ ಸೊಂಟದಲ್ಲೇ ಇರ್ತವೆ. ಆರ್ಲಿ."

ಮುದುಕಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ಅಪ್ಪನ ಮುಖ ನೋಡುತ್ತಾ ನಿಂತು, "ಅಂಗಾರೆ ಆರ್ಲಿ ಬುಡಪ್ಪ," ಅಂದಳು. ನನ್ನ ಕಣ್ಣು ತುಂಬಿ ಬಂತು. ಹೇಳಿಕೊಳ್ಳಲು ನಾಚಿಕೆಯಿಲ್ಲ. ತಿರುಪು ಬಿಗಿಸುವವನ ಹಾಗೆ ಬಗ್ಗಿ ಕೂತೆ.

ಜನರನ್ನು ಹೊರಗೇ ನಿಲ್ಲಿಸಿ ನೈಟ್ರೋಜನ್ ಸ್ವಲ್ಪ ಸ್ವಲ್ಪವಾಗಿ ತುಂಬಿದೆವು. ನೊರೆಯ ಬಟ್ಟಲು, ಬ್ರಷ್ಷು ಅಪ್ಪನ ಕೈಗೆ ಕೊಟ್ಟೆ. ಬೆಸುಗೆ ಎಲ್ಲಿದೆ ಅಂತ ಕಣ್ಣಿಗಿಂತ ಮೊದಲು ಅವರ ಬೆರಳು ಹುಡುಕಿಕೊಳ್ಳುತ್ತಿತ್ತು. ಒಂದೂ ಬಿಡದೆ ಹಚ್ಚಿದರು. ಕೈ ನಡುಗಲಿಲ್ಲ. ಒಂದು ನಟ್ಟಿನ ಹತ್ತಿರ ಮಾತ್ರ ಸಣ್ಣ ಗುಳ್ಳೆಗಳು ಎದ್ದವು, ಒತ್ತಡ ಇಳಿಸಿ ಅದನ್ನು ಸರಿಮಾಡಿ ಮತ್ತೆ ತುಂಬಿದೆ. ಮರುದಿನ ಮೀಟರಿನ ಮುಳ್ಳು ಇಟ್ಟಲ್ಲೇ ಇತ್ತು. ಅನಿಲ ಬಿಟ್ಟು, ಪಂಪು ಹಾಕಿ, ಗ್ಯಾಸು ತುಂಬಿ, ಸಂಜೆಯ ಹಾಲಿನ ಹೊತ್ತಿಗೆ ಯಂತ್ರ ಓಡಿತು. ಸ್ವಿಚ್ಚು ಹಾಕಿದ್ದು ಸೆಕ್ರೆಟರಿ. ಮೊದಲ ಕ್ಯಾನಿನ ಹಾಲು ಟ್ಯಾಂಕಿಗೆ ಬೀಳುವಾಗ ಹೆಂಗಸರು ಟ್ಯಾಂಕಿನ ಸುತ್ತ ನಿಂತು ನೋಡಿದರು.

ಈಗ ಅಪ್ಪ ಅಂಗಡಿಯ ಒಳಗೇ ಕೂರುತ್ತಾರೆ. ಕಣ್ಣಿನ ಆಪರೇಷನ್ ಆಯಿತು, ಆದರೂ ಅಷ್ಟಕ್ಕಷ್ಟೇ. ಸಿಲಿಂಡರುಗಳ ಬಣ್ಣ ಮಾಸಿದರೆ ನನಗಿಂತ ಮೊದಲು ಅವರೇ ಹೇಳುತ್ತಾರೆ. ನನ್ನ ಬಾಯಿ ಪೂರ್ತಿ ಸರಿಹೋಗಿದೆ ಅಂತ ಹೇಳಲಾರೆ, ಹೆಂಡತಿ ಒಪ್ಪುವುದಿಲ್ಲ. ಆದರೆ ಎಲ್ಲೇ ಇದ್ದರೂ, ಯಾವ ಹೋಟೆಲಿನ ಯಾವ ಮೂಲೆಯಲ್ಲಿ ಮಂಡಿಯೂರಿ ಕೂತಿದ್ದರೂ, ಅಪ್ಪನ ಫೋನು ಬಂದರೆ ಕೈಯಲ್ಲಿರುವುದನ್ನು ಕೆಳಗಿಟ್ಟು ಎತ್ತುತ್ತೇನೆ. ಹೊಸ ಯಂತ್ರದ ಕೆಲಸ ಇರುವ ದಿನ ತಪ್ಪದೆ ಮಾಡುತ್ತಾರೆ. ಊಟ ಆಯ್ತಾ ಅಂತ ಕೇಳುವುದಿಲ್ಲ, ಯಾವಾಗ ಬರ್ತೀಯ ಅಂತ ಕೇಳುವುದಿಲ್ಲ.

"ಆರ್ತಾ?" ಅಂತಾರೆ.

"ಆರ್ತು ಕಣಪ್ಪ," ಅಂತೀನಿ. ಅವರು ಫೋನು ಇಡುವವರೆಗೆ ಕಾಯುತ್ತೇನೆ, ಆಮೇಲೆ ಕೆಲಸ ಶುರುಮಾಡುತ್ತೇನೆ.